ಕರುಳಿನ ಚೀಲಕ್ಕೊಂದು ಹೆಸರು

ಕಾಯಿಲೆ ಯಾರಿಗೆ ಬೇಕಾದರೂ ಬರಬಹುದು. ಅದಕ್ಕೊಂದು ಮರ್ಯಾದಸ್ಥ ಹೆಸರು ಸಿಗುವುದಕ್ಕೆ ಪುಣ್ಯ ಬೇಕು. ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದಾಗ ಎಡಗಡೆ ಕಿಬ್ಬೊಟ್ಟೆಯಲ್ಲೊಂದು ನೋವು ಜ್ವರದ ಜೊತೆಗೂಡಿ ಬರುತ್ತಿತ್ತು, ಮಾತ್ರೆಗೆ ಹೆದರಿ ಹೋಗುತ್ತಿತ್ತು, ಕೆಲವು ತಿಂಗಳು ಬಿಟ್ಟು ನೆಂಟನಂತೆ ಮತ್ತೆ ಬರುತ್ತಿತ್ತು. ಊರೆಲ್ಲ ಅದನ್ನು ಗ್ಯಾಸು ಎಂದಿತು. ಪಾಂಡವಪುರದ ನಮ್ಮತ್ತೆ, “ಬೆಳ್ಳುಳ್ಳಿ ಸುಟ್ಕೊಂಡು ತಿನ್ನಿ ಅಳಿಯಂದ್ರೇ, ಅಂಗೇ ಓಯ್ತದೆ” ಎಂದರು. ತಿಂದೆ. ನೋವು ಹೋಗಲಿಲ್ಲ, ಮುಂದಿನ ಬೆಂಚಿನ ಮಕ್ಕಳು ಹಿಂದಿನ ಬೆಂಚಿಗೆ ಹೋದರು.

ಕೊನೆಗೆ ಮೈಸೂರಿನ ಡಾಕ್ಟರೊಬ್ಬರು ಬಿಳಿಯ ದ್ರವವೊಂದನ್ನು ಒಳಗೆ ತುಂಬಿಸಿ, ಯಾವ ದಾರಿಯಿಂದ ಎಂದು ಕೇಳಬೇಡಿ, ಎಕ್ಸ್‌ರೇ ತೆಗೆದರು. ದೊಡ್ಡ ಕರುಳಿನ ಗೋಡೆಯಿಂದ ದ್ರಾಕ್ಷಿಯಂಥ ಪುಟ್ಟ ಚೀಲಗಳು ಹೊರಕ್ಕೆ ಉಬ್ಬಿದ್ದವು. “ಇವು ಆಗಾಗ ಸೋಂಕಾಗಿ ಊದಿಕೊಳ್ಳುತ್ತವೆ. ಡೈವರ್ಟಿಕ್ಯುಲೈಟಿಸ್” ಎಂದರು.

ಆಹಾ! ಹೆಂಡತಿಯ ಕೈ ಹಿಡಿದು ಕುಲುಕಿದೆ. “ಕೇಳಿದೆಯಾ? ಗ್ಯಾಸಲ್ಲ!”

“ಅದುಕ್ಯಾಕ್ರೀ ಇಂಗೆ ಕುಣೀತೀರಿ? ವಾಸಿಯಾಯ್ತದಾ ಕೇಳಿ” ಎಂದಳು ಅವಳು.

ನಾರಿನ ಪದಾರ್ಥ ತಿಂದುಕೊಂಡು ಎಷ್ಟೋ ಜನ ಸುಖವಾಗಿದ್ದಾರೆ, ಪದೇ ಪದೇ ಮರುಕಳಿಸಿದರೆ ಮಾತ್ರ ಆ ತುಂಡನ್ನು ಕತ್ತರಿಸಬೇಕು ಎಂದರು ಡಾಕ್ಟರು. ನಾನು ಕೇಳಿಸಿಕೊಂಡದ್ದು ಹೆಸರನ್ನಷ್ಟೆ. ಸ್ಟಾಫ್‌ರೂಮಿನಲ್ಲಿ, ಕ್ಷೌರದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಪ್ರಸಾದದಂತೆ ಹಂಚಿದೆ. ಒಮ್ಮೆ ನಾಗಮಂಗಲದ ಬಸ್ಸಿನಲ್ಲಿ ಪಕ್ಕದ ಗೌಡರೊಬ್ಬರಿಗೆ ಚೀಲಗಳನ್ನು ವರ್ಣಿಸುತ್ತಿದ್ದಾಗಲೇ ಹೊಟ್ಟೆಯೊಳಗೆ ಕುಡುಗೋಲು ಆಡಿಸಿದಂತಾಗಿ ಅವರ ತೊಡೆಯ ಮೇಲೆಯೇ ಉರುಳಿದೆ.

“ಲೇ, ಬಸ್ಸು ನಿಲ್ಸ್ಲಾ! ಮೇಷ್ಟ್ರು ಬಿದ್ದೋದ್ರು!” ಎಂದು ಗೌಡರು ಕೂಗಿದ್ದಷ್ಟೇ ನೆನಪು.

ಅವರೇ ಜೀಪು ಹಿಡಿದು ಮೈಸೂರಿಗೆ ಸಾಗಿಸಿದರು. ಒಂದು ಚೀಲ ಒಡೆಯುವ ಹಂತದಲ್ಲಿದೆ, ಇನ್ನು ಕಾಯುವಂತಿಲ್ಲ ಎಂದರು ಡಾಕ್ಟರು. ಸುದ್ದಿ ತಿಳಿದು ಊರಿಂದ ಓಡಿಬಂದಿದ್ದ ಹೆಂಡತಿ ಆಪರೇಷನ್ ಕೋಣೆಯ ಬಾಗಿಲಲ್ಲಿ ನನ್ನ ಹೆಬ್ಬೆರಳು ಹಿಡಿದವಳು ಬಿಡಲೇ ಇಲ್ಲ. ನರ್ಸು ಬಂದು ಬಿಡಿಸಬೇಕಾಯಿತು. ಆಗ ಮಾತ್ರ ಕಾಯಿಲೆಯ ಹೆಸರು ನನಗೆ ಮರೆತೇ ಹೋಗಿತ್ತು.

ಕೆಟ್ಟ ತುಂಡು ತೆಗೆದು ಕರುಳಿನ ತುದಿಗಳನ್ನು ಹೊಲಿದರು. ಗಂಜಿಯಿಂದ ಮೆತ್ತನೆ ಅನ್ನಕ್ಕೆ, ಅನ್ನದಿಂದ ಮುದ್ದೆ ಬಸ್ಸಾರಿಗೆ ಬಡ್ತಿ ಸಿಕ್ಕಿತು. ನೋವು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಆಮೇಲೆ ಶ್ರೀರಂಗಪಟ್ಟಣದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ನಾನು ಆಪರೇಷನ್ನಿನ ಕಥೆ ಬಡಿಸುತ್ತ, ಹೊಲಿಗೆ ತೋರಿಸಲು ಷರ್ಟನ್ನೇ ಎತ್ತಿದೆ. ಹೆಂಡತಿಯ ಸೋದರಮಾವ ಕೈಯಲ್ಲಿದ್ದ ತುತ್ತು ಎಲೆಗಿಟ್ಟರು.

“ಅಲ್ಲಾ ಅಳಿಯಂದ್ರೇ, ಕರುಳು ಕುಯ್ದೋರು ಅಂಗೇ ನಾಲ್ಗೇನೂ ವಸಿ ಮೊಟಕು ಮಾಡ್ಬುಟ್ಟಿದ್ರೆ ಚೆಂದಾಗಿರೋದು!”

ಪಂಕ್ತಿಯೇ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ನಾಚಿಕೊಂಡು ಷರ್ಟು ಇಳಿಸಿದೆ. ಎಡಗಡೆ ಕೂತವರು ಇನ್ನೂ ನೋಡಿಲ್ಲವಲ್ಲ ಎನಿಸಿ, ಮತ್ತೆ ಎತ್ತಿದೆ.