ಪೊಲ್ಯೂಷನ್ ಮೇಡಮ್ಮನ ಪಾಡು

ಮಂಡ್ಯದಲ್ಲಿ ನಮ್ಮದು ಪರಿಸರ ಕಾಯುವ ಸರ್ಕಾರಿ ಕಚೇರಿ. ಜನ ಕರೆಯುವುದು ‘ಪೊಲ್ಯೂಷನ್ ಆಫೀಸು’ ಅಂತ. ಹೊಗೆ, ಕೊಳಚೆ ನೀರು, ಸದ್ದು, ದುರ್ವಾಸನೆ, ಎಲ್ಲದರ ದೂರೂ ನನ್ನ ಮೇಜಿಗೇ ಬರುತ್ತದೆ. ಜೊತೆಗೆ ವಾರಕ್ಕೊಬ್ಬರಾದರೂ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿ, ಹೊಗೆ ತಪಾಸಣೆ ಚೀಟಿ ಕೊಡಿ ಅನ್ನುತ್ತಾರೆ. ಅದನ್ನು ಪೆಟ್ರೋಲ್ ಬಂಕಿನಲ್ಲಿ ಕೊಡುತ್ತಾರೆ, ನಾವು ನೋಡುವುದು ಫ್ಯಾಕ್ಟರಿ ಹೊಗೆ ಅಂತ ಮೊನ್ನೆ ಒಬ್ಬರಿಗೆ ಹೇಳಿದೆ. ಅವರು ಹೆಲ್ಮೆಟ್ಟೂ ತೆಗೆಯದೆ ಕೇಳಿದರು: “ಅಷ್ಟು ದಪ್ಪ ಹೊಗೆ ನೋಡೋರ್ಗೆ ನಮ್ಮ ಮೊಪೆಡ್ದು ಒಂಚೂರು ನೋಡಕಾಗಕಿಲ್ವಾ?”

ಹನ್ನೊಂದು ವರ್ಷದಿಂದ ಇದೇ ಪಾಡು.

ಎರಡು ಛತ್ರ, ಒಂದು ಮೀಟರು

ಮಳವಳ್ಳಿಯಲ್ಲಿ ಅಕ್ಕಪಕ್ಕ ಎರಡು ಮದುವೆ ಛತ್ರ, ಎದುರಿಗೆ ಆಸ್ಪತ್ರೆ. ಎರಡೂ ಕಡೆ ಡಿಜೆ ಹಾಕಿದ್ದಾರೆ, ರೋಗಿಗಳು ಒದ್ದಾಡುತ್ತಿದ್ದಾರೆ ಅಂತ ಮಧ್ಯಾಹ್ನ ಅಲ್ಲಿನ ನರ್ಸು ಫೋನ್ ಮಾಡಿದರು. ಸದ್ದು ಅಳೆಯುವ ಮೀಟರು ಹಿಡಿದು ಓಡಿದೆ. ಒಂದು ಛತ್ರ ಮುಗಿಸಿ ಎರಡನೆಯದರಲ್ಲಿ ಅಳೆಯುತ್ತಿದ್ದಾಗ ಮದುವೆ ಗಂಡಿನ ಸೋದರಮಾವ ಬಂದು ಇಣುಕಿದ.

“ಎಷ್ಟು ಬಂತು ಮೇಡಂ?”

“ತೊಂಬತ್ತೆರಡು. ಬಹಳ ಜಾಸ್ತಿ.”

“ಪಕ್ಕದ ಛತ್ರದವರ್ದು?”

“ಅವರದು ತೊಂಬತ್ತಾರು. ಅವರಿಗೂ ನಿಲ್ಲಿಸಕ್ಕೆ ಹೇಳಿ ಬಂದೆ.”

ಅವನ ಮುಖ ಕಪ್ಪಿಟ್ಟಿತು. ಒಳಗೆ ತಿರುಗಿ ಕೂಗಿದ: “ಲೇ, ಗಾಡಿಯಿಂದ ಇನ್ನೆರಡು ಸ್ಪೀಕರ್ ಬಾಕ್ಸ್ ಇಳಿಸ್ರಲಾ, ಸರ್ಕಾರದೋರ ಮುಂದೆ ಮಾನ ಓಯ್ತಾ ಅದೆ.”

ಆಲೆಮನೆಯ ಒಲೆ

ಆತಗೂರು ಕಡೆಯ ಒಂದು ಆಲೆಮನೆಯಲ್ಲಿ ಬೆಲ್ಲದ ಒಲೆಗೆ ಹಳೇ ಟೈರು, ಹರಿದ ಚಪ್ಪಲಿ ಸುಡುತ್ತಿದ್ದರು. ಪಕ್ಕದ ಶಾಲೆಯ ಮೇಷ್ಟ್ರು, “ಮಕ್ಕಳು ಕೆಮ್ಮಿಕೊಂಡೇ ಮಗ್ಗಿ ಹೇಳ್ತವೆ ಮೇಡಂ” ಅಂತ ಗೋಳಾಡಿದ್ದರು. ಮೂರು ಸಲ ಹೋಗಿದ್ದೆ. ನಮ್ಮ ಜೀಪು ಊರಬಾಗಿಲಿನ ಟೀ ಅಂಗಡಿ ದಾಟುವಷ್ಟರಲ್ಲಿ ಆಲೆಮನೆಗೆ ಫೋನು ಹೋಗಿರುತ್ತಿತ್ತು. ಹೋಗಿ ನೋಡಿದರೆ ಒಲೆಯಲ್ಲಿ ಬರೀ ಕಬ್ಬಿನ ಸಿಪ್ಪೆ.

ನಾಲ್ಕನೇ ಸಲವೂ ಅದೇ. ಮಾಲೀಕ ಕೈಗೆ ಬಿಸಿ ಬೆಲ್ಲ ಕೊಟ್ಟು, “ಸಿಪ್ಪೆ ಬುಟ್ಟು ಬ್ಯಾರೆ ಏನೂ ಆಕಕಿಲ್ಲ ಕಣಮ್ಮ, ದೇವ್ರಾಣೆ” ಅಂದ. ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದೆ. ನನ್ನ ಬೂಟು ಕಾಲಲ್ಲೇ ಇತ್ತು. ಬೆಲ್ಲ ಮಾಡುವ ಜಾಗ ಅಂತ ನಮ್ಮ ಡ್ರೈವರಣ್ಣ ಬಾಗಿಲಲ್ಲಿ ಬಿಟ್ಟಿದ್ದ ಹೊಸ ಚಪ್ಪಲಿ ಮಾತ್ರ ಕಾಣಲಿಲ್ಲ.

ಅಷ್ಟರಲ್ಲಿ ಚಿಮಣಿಯಿಂದ ಕರೀ ಹೊಗೆ ಎದ್ದಿತು. ಒಲೆ ಉರಿಸುವವನನ್ನು ಡ್ರೈವರಣ್ಣ ಕೇಳಿದರೆ, ಅವನು ಮಾಲೀಕನ ಕಡೆ ನೋಡಿ, “ನೀನೇ ಅಲ್ವಾ ಅಣ್ಣ, ಮೇಡಂ ಕಣ್ಗೆ ಒಂದು ಚಪ್ಪಲಿನೂ ಬೀಳಬಾರ್ದು, ಎಲ್ಲಾ ಒಳಕ್ಕಾಕು ಅಂದಿದ್ದು” ಅಂದ.

ಸಲಾಕೆಯಲ್ಲಿ ಕೆದಕಿದಾಗ ಅರ್ಧ ಬೆಂದ ಚಪ್ಪಲಿ ಬಂತು. ನೋಟಿಸು ಅಲ್ಲೇ ಬರೆದೆ. ಈಗ ಅಲ್ಲಿ ನಿಜವಾಗಲೂ ಸಿಪ್ಪೆಯನ್ನೇ ಸುಡುತ್ತಾರೆ, ಮೇಷ್ಟ್ರೇ ಹೇಳಿದರು. ಡ್ರೈವರಣ್ಣ ಮಾತ್ರ ಮಂಡ್ಯದವರೆಗೂ ಒಂದೇ ಮಾತಾಡಿದ್ದು: “ಮೂರು ಸಲ ಹಳೇ ಚಪ್ಪಲಿಲಿ ಬಂದಿದ್ದೆ ಮೇಡಂ, ಆವಾಗ ಸುಡಕಾಗಿರಲಿಲ್ವಾ?”

ಮಾಲೀಕರು ಪರಾರಿ

ಕೊಕ್ಕರೆ ಬೆಳ್ಳೂರಿನಲ್ಲಿ ಹೊಸದಾಗಿ ಮನೆ ಕಟ್ಟಿದ ಒಬ್ಬ ನಿವೃತ್ತ ನೌಕರರು ದುರ್ವಾಸನೆ, ಗದ್ದಲ ಅಂತ ಆನ್‌ಲೈನಿನಲ್ಲಿ ದೂರು ಕೊಟ್ಟರು. ಹೋಗಿ ನೋಡಿದರೆ ಹುಣಸೆ ಮರದ ತುಂಬ ಕೊಕ್ಕರೆ ಗೂಡು. ಇವರ ಮನೆ ಸರಿಯಾಗಿ ಅದರ ಕೆಳಗೆ.

ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ಹೇಳಿದರು: “ಅವು ಬಾಣಂತನಕ್ಕೆ ಬರೋ ಹೆಣ್ಮಕ್ಳು ಕಣವ್ವ. ಅವು ಮೊದ್ಲಿಂದ ಇದ್ದೋ, ಆವಪ್ಪ ಆಮೇಲೆ ಬಂದಿದ್ದು. ನೋಟೀಸು ಕೊಡದಾದ್ರೆ ಅವನ್ಗೇ ಕೊಡು.”

ನನಗೂ ಅದೇ ಸರಿ ಅನ್ನಿಸಿತು. ಆದರೆ ಸರ್ಕಾರಿ ಫಾರಮ್ಮಿನಲ್ಲಿ ಅದಕ್ಕೆ ಜಾಗ ಇಲ್ಲ. ಎಲ್ಲ ಕಾಲಂ ತುಂಬದಿದ್ದರೆ ಕಡತ ಮುಚ್ಚುವಂತೆಯೂ ಇಲ್ಲ. ನನ್ನ ವರದಿ ಎರಡು ಸಲ ವಾಪಸ್ ಬಂತು, ಘಟಕದ ಮಾಲೀಕರ ಕಾಲಂ ಖಾಲಿ ಬಿಟ್ಟಿದ್ದೀರಿ ಅಂತ. ಅಷ್ಟರಲ್ಲಿ ಮರಿಗಳು ಬೆಳೆದು ಹಕ್ಕಿಗಳೂ ಹೊರಟಿದ್ದವು. ಸಿಟ್ಟಿನಲ್ಲಿ, ‘ಮಾಲೀಕರು: ಕೊಕ್ಕರೆಗಳು. ಸಂಸಾರ ಸಮೇತ ಹಾರಿಹೋಗಿರುತ್ತಾರೆ’ ಅಂತ ತುಂಬಿ ಕಳಿಸಿದೆ.

ಮೇಲಿನ ಆಫೀಸಿನಿಂದ ಮಾರನೇ ವಾರ ಉತ್ತರ ಬಂತು: ‘ಮಾಲೀಕರು ಪರಾರಿಯಾಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸದರಿಯವರ ಶಾಶ್ವತ ವಿಳಾಸವನ್ನು ಪತ್ತೆಹಚ್ಚಿ, ಏಳು ದಿನಗಳೊಳಗೆ ಖುದ್ದಾಗಿ ನೋಟಿಸ್ ಜಾರಿ ಮಾಡತಕ್ಕದ್ದು.’