‘ಫಾರ್ವರ್ಡ್ ಮಾಡು’ ಕ್ರಿಯಾಪದದ ಶಿಸ್ತುಬದ್ಧ ಬಳಕೆ

ಮುಂದಿನ ಮೇಜು ಇಲಾಖೆ, ಬೀದರ
ಸಂಖ್ಯೆ: ಮುಂಮೇ/ಕಡತ/ಹಿಂದಿನದನ್ನೇ ನೋಡುವುದು/2025

ವಿಷಯ: ‘ಫಾರ್ವರ್ಡ್ ಮಾಡು’ ಎಂಬ ಇಂಗ್ಲಿಷ್ ಕ್ರಿಯಾಪದದ ಅರ್ಥ, ಮೂಲ ಹಾಗೂ ಬಳಕೆ.
ಉಲ್ಲೇಖ: ಭಾಲ್ಕಿ ಶಾಖೆಯ ಗುಮಾಸ್ತ ವೈಜಿನಾಥ ಅವರ ದುರ್ನಡತೆ.

ಹಲಬರ್ಗಾದ ಕೂಲಿಕಾರ್ತಿ ಹೀರಾಬಾಯಿಯವರ ಬೆರಳಿನ ಗೆರೆಗಳು ಕಳೆ ಕಿತ್ತು ಕಿತ್ತು ಸವೆದಿದ್ದು, ರೇಷನ್ ಅಂಗಡಿಯ ಯಂತ್ರವು ಅವರನ್ನು ಗುರುತಿಸದ ಕಾರಣ ಐದು ತಿಂಗಳಿಂದ ಅಕ್ಕಿ ನಿಂತಿರುತ್ತದೆ. ಹೆಬ್ಬೆಟ್ಟಿಲ್ಲದೆ ಅಕ್ಕಿ ಕೊಡಿರೆಂಬ ಅವರ ಅರ್ಜಿಯು ಭಾಲ್ಕಿಯಿಂದ ಬೀದರಿಗೆ, ಬೀದರಿನಿಂದ ಔರಾದಿಗೆ, ಔರಾದಿನಿಂದ ಭಾಲ್ಕಿಗೆ ಮೂರು ಸಲ ಸುಸೂತ್ರವಾಗಿ ಫಾರ್ವರ್ಡ್ ಆಗಿತ್ತು. ನಾಲ್ಕನೆಯ ಸಲ ವೈಜಿನಾಥ ಅವರು, ತಮಗೆ ಅಧಿಕಾರವಿದೆ ಎಂಬ ಒಂದೇ ಕ್ಷುಲ್ಲಕ ಕಾರಣಕ್ಕೆ, ‘ಮಂಜೂರು’ ಎಂದು ಬರೆದು ಸಹಿ ಹಾಕಿಬಿಟ್ಟಿರುತ್ತಾರೆ. ಇಪ್ಪತ್ತೆರಡು ವರ್ಷ ನಿಷ್ಕಳಂಕವಾಗಿ ಫಾರ್ವರ್ಡ್ ಮಾಡಿದ ನೌಕರರಿಗೆ ಇದೇನು ಬಂತೋ! ಆದ್ದರಿಂದ ಎಲ್ಲರಿಗೂ ತಿಳಿಯಪಡಿಸಲಾಗಿದೆ:

೧. ಅರ್ಥ: ಕಡತವನ್ನು ತನ್ನ ಮೇಜಿನಿಂದ ದೂರ ಮಾಡುವುದು. ತಲುಪುವುದು ಈ ಅರ್ಥದಲ್ಲಿ ಸೇರಿರುವುದಿಲ್ಲ.

೨. ಮೂಲ: ಪದವು ಇಂಗ್ಲೆಂಡಿನಲ್ಲಿ ಹುಟ್ಟಿದರೂ ಕೈಕಾಲು ಬಲಿತದ್ದು ನಮ್ಮಲ್ಲಿ. ಹಿಂದೆ ಇದಕ್ಕೆ ‘ರವಾನಾ’ ಎನ್ನಲಾಗುತ್ತಿತ್ತು. ರವಾನಾ ಆದ ಕಾಗದ ಒಮ್ಮೊಮ್ಮೆ ಮುಟ್ಟಿಬಿಡುತ್ತಿದ್ದ ಕಾರಣ ಆ ಪದವನ್ನು ಕೈಬಿಡಲಾಗಿದೆ.

೩. ಬಳಕೆ: ಕಡತವನ್ನು ಓದಿ ಫಾರ್ವರ್ಡ್ ಮಾಡುವುದನ್ನು ನಿಷೇಧಿಸಲಾಗಿದೆ. ಓದಿದವರಿಗೆ ಮರುಕ ಹುಟ್ಟುವ ಅಪಾಯವಿರುತ್ತದೆ.

೪. ಒಂದೇ ಮೇಜಿರುವ ಕಚೇರಿಯಲ್ಲಿ ನೌಕರರು ಕುರ್ಚಿಯನ್ನು ಎದುರು ಬದಿಗೆ ಹಾಕಿಕೊಂಡು, ತಾವೇ ತಮಗೆ ಫಾರ್ವರ್ಡ್ ಮಾಡಿ, ಸ್ವೀಕೃತಿ ಪಡೆಯತಕ್ಕದ್ದು.

೫. ‘ಸಾಹೇಬ್ರ, ನನ್ನ ಅರ್ಜಿ ನನಗಿಂತ ಹೆಚ್ಚು ಊರು ತಿರಗ್ಯಾದ. ಅಕ್ಕಿ ಎಲ್ಲಿ ಅದರಿ?’ ಎಂದು ಹೀರಾಬಾಯಿಯವರು ಕೇಳಲಾಗಿ, ‘ನಾಳಿ ಅಂಗಡಿಗಿ ಹೋಗ್ರಿ ಅವ್ವಾ, ಕೊಡ್ತಾರ’ ಎಂದು ವೈಜಿನಾಥ ಅವರು ಉತ್ತರಿಸಿರುತ್ತಾರೆ. ಸಾರ್ವಜನಿಕರಿಗೆ ದಿನ, ಸ್ಥಳ ಸಮೇತ ಉತ್ತರ ಕೊಡುವುದನ್ನು ಇಲಾಖೆಯು ಸಹಿಸುವುದಿಲ್ಲ.

೬. ‘ಮನಸ್ಸು ತಡೀಲಿಲ್ರಿ’ ಎಂಬ ಅವರ ಒಂದೇ ಸಾಲಿನ ಸಮಜಾಯಿಷಿ ತೃಪ್ತಿಕರವಾಗಿರುವುದಿಲ್ಲ. ಅವರನ್ನು ಔರಾದಿನಲ್ಲಿ ಸಹಿಯ ಅಧಿಕಾರವಿಲ್ಲದ ಹುದ್ದೆಗೆ ವರ್ಗಾಯಿಸಲಾಗಿದೆ. ಮಂಜೂರಾತಿಯನ್ನು ರದ್ದುಪಡಿಸಲಾಗಿದೆ.

ಸಹಿ/-
(ಸಹಿ ಹಾಕುವವರ ಮೇಜಿಗೆ ಫಾರ್ವರ್ಡ್ ಮಾಡಲಾಗಿದೆ)

ಪ್ರತಿಗಳು:
೧. ಭಾಲ್ಕಿ, ಔರಾದ ಶಾಖೆಗಳಿಗೆ: ಓದದೆ ಪರಸ್ಪರ ಕಳುಹಿಸಿಕೊಳ್ಳಲು.
೨. ವೈಜಿನಾಥ ಅವರಿಗೆ: ಪೆನ್ನು ಜಮಾ ಮಾಡಲು.
೩. ಹಲಬರ್ಗಾದ ರೇಷನ್ ಅಂಗಡಿಗೆ: ಹೀರಾಬಾಯಿಯವರಿಗೆ ಕೊಟ್ಟ ಅಕ್ಕಿಯನ್ನು ವಾಪಸು ಪಡೆಯಲು. ಷರಾ: ‘ಅವತ್ತೇ ಕುದಿಸಿ ಉಂಡಾರರಿ’ ಎಂದು ಅಂಗಡಿಯವರು ಫೋನಿನಲ್ಲಿ ತಿಳಿಸಿರುತ್ತಾರೆ. ಈ ಬಗ್ಗೆ ಇಲಾಖೆಗೆ ಯಾವ ನಿಯಮವೂ ಸಿಕ್ಕಿರುವುದಿಲ್ಲ.