ತ್ರಿಪ್ಲಿಕೇನಿನಲ್ಲಿ ಮೊಳಗಿದ ಆಫ್ರಿಕನ್ ಟ್ರಂಪೆಟ್

ಜಾಜ್ ಸಂಗೀತದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ಹೇಳಿದ್ದು ಒಂದೇ ಒಂದು ಸಲ, ಅದೂ ಆಫೀಸಿನ ಊಟದ ಹೊತ್ತಿನಲ್ಲಿ. ಆದರೆ ಹೇಳಿದ್ದು ಮ್ಯಾನೇಜರ್ ಥಾಮಸ್ ಅವರಿಗೆ! ಜೋಹಾನ್ಸ್‌ಬರ್ಗಿನಲ್ಲಿ ಮೂರು ವರ್ಷ ಇದ್ದು ಬಂದ ಅವರಿಗೆ ಅಲ್ಲಿಯ ಟ್ರಂಪೆಟ್ ವಾದಕರೊಬ್ಬರೆಂದರೆ ಪ್ರಾಣ. ಮರುದಿನವೇ ಆ ಮಹಾನುಭಾವರ ಜನಪ್ರಿಯ ಹಾಡುಗಳ ಸಿ.ಡಿ. ನನ್ನ ಮೇಜಿಗೆ ಬಂತು. "ಸೋಮವಾರ ಇದರ ಬಗ್ಗೆ ಕೂತು ಮಾತಾಡೋಣ. ನಿಮ್ಮ ಕೆಲಸ ಕಾಯಂ ಮಾಡೋ ಕಾಗದಕ್ಕೂ ಅವತ್ತೇ ಸಹಿ ಹಾಕ್ತೀನಿ," ಎಂದರು.

ಆ ಸಹಿ ಬೀಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಹೊರಡಬೇಕಿತ್ತು. ಸಂಗೀತಾಭ್ಯಾಸಕ್ಕೆ ಸಮಯ ಬೇಕಲ್ಲ, "ತಾಯಿಗೆ ವಿಪರೀತ ಜ್ವರ" ಎಂದು ಬರೆದುಕೊಟ್ಟು ಶನಿವಾರ ರಜೆ ಹಾಕಿದೆ. ಊರಿಂದ ಬಂದಿದ್ದ ಅಮ್ಮನಿಗೆ ಇದ್ದದ್ದು ಬರೀ ನೆಗಡಿ.

ಬೆಳಿಗ್ಗೆ ನೋಟ್‌ಪುಸ್ತಕ ಸಮೇತ ಕಂಪ್ಯೂಟರಿನ ಮುಂದೆ ಕೂತೆ. ಸದ್ದೇ ಬರಲಿಲ್ಲ. ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಆಗಲೂ ಇಲ್ಲ. ಸ್ಪೀಕರಿನ ಹಿಂದಿನ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಟ್ರಂಪೆಟ್ಟು, ಡೋಲು ಎಲ್ಲ ಒಟ್ಟಿಗೆ ಮನೆಗೆ ನುಗ್ಗಿದವು! ಕಡಿಮೆ ಮಾಡಲು ಹೋದರೆ ವಾಲ್ಯೂಮಿನ ಗುಂಡಿ ಕೈಗೇ ಬಂತು.

"ಏನ್ರೀ ಅದು, ನಿಲ್ಸ್ರೀ!" ಅಡುಗೆಮನೆಯಿಂದ ಹೆಂಡತಿ ಸುಧಾ ಕೂಗಿದಳು.

"ಸುಮ್ನಿರೇ, ಅಧ್ಯಯನ ನಡೀತಿದೆ!"

ಪುಸ್ತಕದಲ್ಲಿ ಗಂಭೀರವಾಗಿ ಬರೆದುಕೊಂಡೆ. "ಒಂದು: ಊದುತ್ತಿದ್ದಾರೆ. ಎರಡು: ಇನ್ನೂ ಊದುತ್ತಿದ್ದಾರೆ." ಮೂರನೆಯ ಅಂಶ ಹೊಳೆಯಲಿಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ಮಾಲೀಕರು, ಮೂರು ತಲೆಮಾರಿನಿಂದ ತ್ರಿಪ್ಲಿಕೇನಿನಲ್ಲೇ ಇದ್ದು ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವ ರಾಘವೇಂದ್ರ ಮಾಮಾ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಎಪ್ಪೋ, ಯಾವಾಗ ಆಯ್ತಪ್ಪಾ?"

"ಶುರುವಾಗಿ ಹತ್ತು ನಿಮಿಷ ಆಯ್ತು ಮಾಮಾ."

"ರೊಂಬ ಕಷ್ಟ ಆಯ್ತೋ?"

"ಮೊದ್ಲು ಆಯ್ತು. ಒಂದು ವೈರ್ ಕಿತ್ತೆ ನೋಡಿ, ಸರಿಹೋಯ್ತು."

ಮಾಮಾ ಗೋಡೆ ಹಿಡಿದುಕೊಂಡರು. ಕಣ್ಣೊರೆಸಿಕೊಳ್ಳುತ್ತ ಕೆಳಗಿಳಿದರು. ಸಂಗೀತಕ್ಕೆ ಎಂಥ ಶಕ್ತಿ ಎಂದುಕೊಂಡೆ!

ಮುಕ್ಕಾಲು ಗಂಟೆಯ ಮೇಲೆ ಮತ್ತೆ ಬಾಗಿಲು ಬಡಿಯಿತು. ತೆರೆದರೆ ಮಾಮಾನ ಜೊತೆ ಥಾಮಸ್, ಕೈಯಲ್ಲಿ ಆಳುದ್ದದ ಗುಲಾಬಿ ಹಾರ! ಬಾಡಿಗೆ ಕರಾರಿನಲ್ಲಿದ್ದ ಆಫೀಸ್ ನಂಬರಿಗೆ ಮಾಮಾ ಫೋನ್ ಮಾಡಿದ್ದರು. ಥಾಮಸ್ ನನ್ನನ್ನು ಅಪ್ಪಿಕೊಂಡರು. "ತಾಯಿಯನ್ನು ನಮ್ಮ ಟ್ರಂಪೆಟ್ ವಾದಕರ ಸಂಗೀತದಲ್ಲೇ ಕಳಿಸಿಕೊಡ್ತಿದ್ದೀರಲ್ಲ! ನಿಮ್ಮಂಥ ರಸಿಕರನ್ನು ನಾನು ನೋಡೇ ಇಲ್ಲ."

ಆಗ ವಿಷಯ ತಲೆಗೆ ಹೊಕ್ಕಿತು. ಸಹಿ ನೆನಪಾಗಿ ಒಂದು ಕ್ಷಣ, ದೇವರಾಣೆಗೂ ಹೇಳುತ್ತೇನೆ, "ಹೌದು ಸಾರ್" ಎಂದುಬಿಡೋಣವೆನ್ನಿಸಿತು. ಅಷ್ಟರಲ್ಲಿ ಅಮ್ಮ ಮಫ್ಲರ್ ಸುತ್ತಿಕೊಂಡು ಕೋಣೆಯಿಂದ ಹೊರಗೆ ಬಂದಳು.

"ಯಾರೋ ಬಂದಿರೋದು? ಕೂರಿಸೋ, ಕಾಫಿ ತರ್ತೀನಿ."

ಮಾಮಾ "ಅಯ್ಯಯ್ಯೋ!" ಎಂದು ಕುರ್ಚಿಯಲ್ಲಿ ಕುಸಿದರು. "ನಮ್ ತೆರುವಲ್ಲಿ, ಈ ಬೀದೀಲಿ, ಟ್ರಂಪೆಟ್ಟು, ಡೋಲು ಜೋರಾಗಿ ಕೇಳಿದ್ರೆ ಯಾರೋ ಹೋದ್ರು ಅಂತ ತಾನೇ ಅರ್ಥ? ಕೊನೇ ಮೆರವಣಿಗೇಗೆ ಬ್ಯಾಂಡ್ ಬಂದೇ ಬರತ್ತಪ್ಪಾ! ಅಮ್ಮಾಗೆ ಒಡಂಬು ಸರಿಯಿಲ್ಲ ಅಂತ ಬೇರೆ ನಿನ್ನೆ ಕೇಳಿದ್ದೆ!"

ಥಾಮಸ್ ಹಾರ ನೋಡಿದರು, ಅಮ್ಮನನ್ನು ನೋಡಿದರು, ಕೊನೆಗೆ ನನ್ನ ನೋಟ್‌ಪುಸ್ತಕ ನೋಡಿದರು. ಕನ್ನಡ ಓದಲು ಬಾರದ ಅವರು ಏನು ಬರೆದಿದೆಯೆಂದು ಸುಧಾಳನ್ನು ಕೇಳಿದರು. ನನ್ನ ಧರ್ಮಪತ್ನಿ ಎರಡು ಸಾಲನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಅನುವಾದಿಸಿದಳು!

"ಕಾಗದದ ವಿಷಯ ಇನ್ನು ಆರು ತಿಂಗಳು ಬಿಟ್ಟು ನೋಡೋಣ," ಎಂದು ಥಾಮಸ್ ಸಿ.ಡಿ. ತೆಗೆದು ಜೇಬಿಗೆ ಹಾಕಿಕೊಂಡರು.

ಟ್ರಂಪೆಟ್ಟು ನಿಂತಿತು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ನಾಲ್ಕು ಜನ ಹೆಣ ಇಡುವ ಗಾಜಿನ ಐಸ್ ಪೆಟ್ಟಿಗೆಯನ್ನು ಹೊತ್ತು ಒಳಗೆ ಬಂದರು. ಅದಕ್ಕೂ ಮಾಮಾ ಹೇಳಿ ಕಳಿಸಿದ್ದರು!

"ಬಾಡಿ ಎಂಗ ಸಾರ್?" ಎಂದು ಮುಂದಿದ್ದವನು ಹೆಣ ಎಲ್ಲಿದೆಯೆಂದು ಸುತ್ತ ನೋಡುತ್ತ ಕೇಳಿದ.

ಅಮ್ಮ, ಸುಧಾ, ಮಾಮಾ, ಥಾಮಸ್, ನಾಲ್ವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಪೆಟ್ಟಿಗೆಯಲ್ಲಿ ಮಲಗಿದರೆ ಒಳಗಿಂದ ಮುಚ್ಚಿಕೊಳ್ಳಲು ಬರುತ್ತದೆಯೇ ಎಂದು ವಿಚಾರಿಸಿದೆ.